ಸಕ್ಕರೆ ಕೇಳುವಷ್ಟು ದೂರ

ಎರವಲು ತಂದವು ಮೂರು ಲೆನ್ಸು, ಸೋಮವಾರ ಹಿಂದಿರುಗಿಸಬೇಕು.
ಒಂದನ್ನಷ್ಟೇ ಕೊಳ್ಳುವ ತಾಕತ್ತು ನನ್ನ ಚೀಟಿ ದುಡ್ಡಿಗೆ.
ಹಲಸೂರಿನ ಬಜಾರ್ ಬೀದಿಯಲ್ಲಿ ಪರೀಕ್ಷೆಗೆ ಕೂರುವವರು ಯಾರು?
ಪಕ್ಕದಂಗಡಿಯ ಮುನಿರತ್ನಮ್ಮ ಬಂದರು
ಕಾಜಾ ಹೊಲಿಯುವುದು ಅರ್ಧಕ್ಕೆ ಬಿಟ್ಟು,
ಸೆರಗಿಗೆ ಚುಚ್ಚಿದ ಸೂಜಿ ಹಾಗೇ ಇಟ್ಟುಕೊಂಡು.
ಬಾಗಿಲಿಗೆ ಮುಖ ಮಾಡಿ ಕೂರಿಸಿದೆ.

ಚೂಪಿನ ಮಾತು ಬೇಡ. ಹುಬ್ಬಿನ ಕೂದಲೆಣಿಸಲು
ಮುಖವೇ ಯಾಕೆ, ಬಾಚಣಿಗೆ ಸಾಕು.

ಐವತ್ತರದು ಹತ್ತಿರ ಎಳೆಯಿತು.
ಅವರ ಎಲೆಡಿಕೆಯ ಉಸಿರು ನನ್ನ ಗಾಜಿನ ಮೇಲೆ;
ಬಿಗಿಯಾಗಿ ಕೂತರು. ಮೂಗೊಂದೇ ಮುಂದೆ ಬಂತು
ಕರೆಯದೆ ಊಟಕ್ಕೆ ಬಂದ ನೆಂಟನ ಹಾಗೆ.

ನೂರಾ ಮೂವತ್ತೈದಕ್ಕೆ ನಾನು ಹೊಸಿಲು ದಾಟಿ,
ಚರಂಡಿ ದಾಟಿ, ನಿಂತ ಆಟೋಗೆ ಬೆನ್ನು ಕೊಟ್ಟೆ.
ಕಿವಿ ಕೆನ್ನೆ ಎಲ್ಲ ತಂತಮ್ಮ ಜಾಗದಲ್ಲಿ, ಒಪ್ಪ.
ಆದರೆ "ಗಲ್ಲ ಸ್ವಲ್ಪ ಕೆಳಗೆ" ಎಂದದ್ದನ್ನು ಟೆಂಪೋ ನುಂಗಿತು.
ಅವರು ನಕ್ಕದ್ದು ನನಗಲ್ಲ,
ನನ್ನ ಹಿಂದಿನ ಟೊಮೇಟೊ ಗಾಡಿಯವನಿಗೆ.

ಎಂಬತ್ತೈದು ಹಳೆಯದು. ಶಿವಾಜಿನಗರದ ನೂರುಲ್ಲಾ ಸಾಹೇಬರು
ಬೂಷ್ಟು ಒರೆಸಿ, ಉಂಗುರಕ್ಕೆ ಎಣ್ಣೆ ಬಿಟ್ಟು ಕೊಟ್ಟದ್ದು.
ಮಾತಾಡುವಷ್ಟು ದೂರ. ಪಕ್ಕದ ಮನೆಯಲ್ಲಿ
ಸಕ್ಕರೆ ಕೇಳುವಷ್ಟು ದೂರ.
ರೆಪ್ಪೆಯಿಂದ ಕಿವಿಗೆ ಇಳಿಯುವಾಗ
ಎಲ್ಲೂ ಎಡವಲಿಲ್ಲ ಆ ಕೆನ್ನೆ,
ಹಿಂದೆ ದೇವರ ಪಟದ ಸೀರಿಯಲ್ ಬಲ್ಬುಗಳು
ಊದಿ ಊದಿ, ಈಗಷ್ಟೇ ಹಂಚಿನಿಂದೆತ್ತಿದ ಒಬ್ಬಟ್ಟು:
ಅಂಚಿಗೆ ಕೆಂಪು, ನಡುವೆ ಬಂಗಾರ.

ಸಂಜೆ ಪ್ರಿಂಟು ಹಾಕಿ ಮೇಜಿನ ಮೇಲೆ ಹರಡಿದೆ.
ಹೊಲಿಗೆ ನೋಡುವವರ ಹಾಗೆ ಹಿಂದೆ ಮುಂದೆ ತಿರುವಿದರು.
ನನಗೆ ತಾಳ್ಮೆ ಎಲ್ಲಿ. ನೋಡಿ ಈ ಮಂಜು, ಎಂದೆ,
ದೀಪದ ಸುತ್ತ ಈ ಹೂವು, ಹೊಸ ಗಾಜಿನಲ್ಲಿ ಸಿಕ್ಕೋದಿಲ್ಲ,
ಇದಕ್ಕೇ ಜನ ದುಡ್ಡು ಸುರೀತಾರೆ.

"ಅಯ್ಯೋ, ದುಡ್ಡು ಕೊಟ್ಟಾ?
ನನ್ನ ಎಡಗಣ್ಣಿಗೆ ಎರಡು ವರ್ಷದಿಂದ ಹಿಂಗೇ ಕಾಣೋದು.
ರಾತ್ರಿ ರಸ್ತೆ ದಾಟೋಕೆ ಭಯ.
ಪೊರೆ ಬಂದೈತೆ ಅಂದ್ರು ಮಿಂಟೋದಲ್ಲಿ,
ಬರೋ ತಿಂಗಳು ತೆಗೆದು ಲೆನ್ಸ್ ಹಾಕ್ತಾರಂತೆ."
ಆಮೇಲೆ ಮೂರೂ ಗಾಜುಗಳನ್ನು ಒಂದೊಂದಾಗಿ ಮುಟ್ಟಿ:
"ಇದ್ರಲ್ಲಿ ಯಾವುದು ಕೇಳಲಿ, ನೀನೇ ಹೇಳಮ್ಮ."

ಬೆಳಗಿನಿಂದ ಬೈಸಿಕೊಂಡ ಬಡಪಾಯಿ ಚೂಪು
ಕುರ್ಚಿಯ ಪಕ್ಕ ಬಂದು ನಿಂತ ಹಾಗಾಯಿತು.

ಉತ್ತರಕ್ಕೆ ಅವರೇನೂ ಕಾಯಲಿಲ್ಲ.
ಸೆರಗಿನ ಸೂಜಿ ಕಿತ್ತು, ನೀಲಿ ದಾರದ ತುದಿ ನೆಕ್ಕಿ
ಎರಡನ್ನೂ ನನ್ನ ಕೈಗಿಟ್ಟರು. ಹದಿನೆಂಟು ಶರಟು ಬಾಕಿಯಂತೆ.
ಬಾಗಿಲಲ್ಲಿ ಉಳಿದಿದ್ದ ಬೆಳಕಿಗೆ ಹಿಡಿದು,
ಒಂದು ಕಣ್ಣು ಮುಚ್ಚಿ, ಪೋಣಿಸಿದೆ,
ಮೂರನೆಯ ಸಲಕ್ಕೆ.