ನಾಲ್ಕು ಹಲ್ಲು

ಮೊದಲ ಸ್ಲೈಡಿನಲ್ಲಿ ಜಾನು ಬರೆದಿದ್ದಳು:
‘ನಮ್ಮಜ್ಜಿ ಬೊಳ್ಳಿಗೆ ಇನ್ನು ನಾಲ್ಕೇ ಹಲ್ಲು.
ಅವೂ ಬಿದ್ದ ಮೇಲೆ ಕಾಫಿ ಒಣಗಿತೋ ಇಲ್ಲವೋ
ಹೇಳುವವರು ಯಾರು?’

ಅಳಿಸಿದೆ.
‘ಕೊಯ್ಲೋತ್ತರ ನಷ್ಟ: ಒಂದು ಅಧ್ಯಯನ’ ಎಂದು ಹಾಕಿದೆ.
ತೀರ್ಪುಗಾರರು ಮೈಸೂರಿನವರಮ್ಮ, ಅಂದೆ,
ಅವರಿಗೆ ಬೇಕಾದ್ದು ಅಂಕಿ, ಅಜ್ಜಿಯಲ್ಲ.

ನಾಪೋಕ್ಲಿನ ನಮ್ಮ ಲ್ಯಾಬಿನಲ್ಲಿ
ಡಿಸೆಂಬರ್ ಪೂರ್ತಿ ಐದೂವರೆಯ ಬಸ್ಸು ತಪ್ಪಿಸಿಕೊಂಡೆವು.
ಬೆಳ್ಯಪ್ಪ ಮನೆಯಲ್ಲಿ ಹೇಳದೆ ತಂದ ಸ್ಟೀಲ್ ಟಿಫಿನ್ ಡಬ್ಬಿ,
ಒಳಗೆ ಎದುರುಬದುರು ಎರಡು ತಗಡು,
ನಿಹಾಲನ ಮಾವನ ಮೊಬೈಲ್ ಅಂಗಡಿಯ ಬೆಸುಗೆ ಕಡ್ಡಿ,
ಹೊಗೆ, ಕೆಮ್ಮು, ಸುಟ್ಟ ಹೆಬ್ಬೆರಳು,
ಕೊನೆಗೊಂದು ರಾತ್ರಿ ಪುಟ್ಟ ಪರದೆಯ ಮೇಲೆ
ತನಗೇ ನಂಬಿಕೆಯಿಲ್ಲದಂತೆ ಮಿನುಗಿದ ತೇವದ ಲೆಕ್ಕ.

ಐದೇ ನಿಮಿಷ, ನೆನಪಿರಲಿ.
ಕೈ ಹಿಂದೆ ಕಟ್ಟಬೇಡ. ‘ಅದೇನಂದ್ರೆ’ ಅನ್ನಬೇಡ.
ಗೊತ್ತಿಲ್ಲ ಅಂತ ಮಾತ್ರ ಸತ್ತರೂ ಹೇಳಬೇಡ,
‘ಮುಂದಿನ ಹಂತದಲ್ಲಿ’ ಅಂತ ಹೇಳು.

ಮಡಿಕೇರಿಯ ಸಭಾಂಗಣ. ನಾವು ಹನ್ನೊಂದನೆಯವರು.
ನಮಗಿಂತ ಮುಂಚೆ ಹಾರಿದ ಡ್ರೋನಿನ ಚಪ್ಪಾಳೆ ಇನ್ನೂ ಆರಿರಲಿಲ್ಲ.
ಕನ್ನಡಕದ ಮೇಲಿಂದ ಒಬ್ಬರು ಕೇಳಿದರು:
‘ನಿಮ್ಮ ಯಂತ್ರ ಹೇಳೋದು ಸರಿ ಅಂತ
ಯಾವುದರ ಜತೆ ತಾಳೆ ನೋಡಿದಿರಿ?’

ಉತ್ತರ ಬಾಯಿಪಾಠವಿತ್ತು.
ಮೂರನೇ ಸಾಲಿನಲ್ಲಿ ನನ್ನ ತುಟಿ ಆಗಲೇ ಅದನ್ನು ಹೇಳುತ್ತಿತ್ತು.
ಜಾನು ನನ್ನತ್ತ ನೋಡಿದಳು.
ನೋಡಿ, ಬಿಟ್ಟಳು.
ಜೇಬಿನಿಂದ ಒಂದು ಬೀಜ ತೆಗೆದು
ಉಗುರಲ್ಲಿ ಸಿಪ್ಪೆ ಬಿಡಿಸಿ
ಹಲ್ಲಿಗಿಟ್ಟಳು –
ಟಕ್.
ಮೈಕಿನಲ್ಲಿ ಹಿಂದಿನ ಬಾಗಿಲವರೆಗೂ ಕೇಳಿತು.

‘ಇದರ ಜತೆ ಸರ್.
ಹಲ್ಲಿನ ಗುರುತು ಕೂತರೆ ಹಸಿ, ಒಡೆದರೆ ಮೂಟೆ ಕಟ್ಟಬಹುದು.
ಇದು ಒಣಗಿದೆ. ಮಿಷನ್ ಹದಿನಾಲ್ಕು ತೋರಿಸ್ತಿದೆ, ತಪ್ಪು ಮಿಷನ್ನದು.
ಅದಿನ್ನೂ ಅಜ್ಜಿ ಹತ್ರ ಕಲೀಬೇಕು.’

ಸಭೆ ನಕ್ಕಿತು. ಕೇಳಿದವರು ನಗದೆ ಏನೋ ಬರೆದುಕೊಂಡರು.

ಬಹುಮಾನ ಡ್ರೋನಿಗೇ ಹೋಯಿತು.
ನಮಗೆ ಕೊಟ್ಟ ಪ್ರಮಾಣಪತ್ರದಲ್ಲಿ ನಿಹಾಲ್ ‘ನೇಹಾ’ ಆಗಿದ್ದ.
ಮೂರ್ನಾಡು ದಾಟುವವರೆಗೂ ಹುಡುಗರದು ಒಂದೇ ಜಗಳ,
ಬೆಸುಗೆ ಬಿಟ್ಟಿತ್ತು ಅಂತ ಇವನು, ಕೋಡೇ ತಪ್ಪು ಅಂತ ಅವನು.
ಜಾನು ಡಬ್ಬಿಯನ್ನು ಮಡಿಲಲ್ಲಿಟ್ಟು ನಿದ್ದೆಹೋಗಿದ್ದಳು.

ಭಾನುವಾರ ಕಣಕ್ಕೆ ಹೋದೆ.
ಬೊಳ್ಳಿ ಬರಿಗಾಲಲ್ಲಿ ಕಾಫಿಯೊಳಗೆ ಸಾಲು ಎಳೆಯುತ್ತಿದ್ದಳು.
ಡಬ್ಬಿಯ ಮುಚ್ಚಳ ತೆಗೆದು ಇಣುಕಿದಳು:
‘ಎಂತದ್ದಿದು, ಹಲ್ಲೇ ಇಲ್ಲವಲ್ಲ?’
ಆಮೇಲೆ ಕಾಲಬುಡದಿಂದ ಹೆಕ್ಕಿ
ನನ್ನ ಅಂಗೈಗೊಂದು ಬೀಜ ಹಾಕಿದಳು.
ಕಚ್ಚಿದೆ.
‘ಏನಂತೆ?’

ಹತ್ತು ವರ್ಷ, ಹದಿನೆಂಟು ತಂಡ,
ಅಷ್ಟು ಮಕ್ಕಳ ಬಾಯಿಗೆ ಉತ್ತರ ಇಟ್ಟವನು
ನನ್ನ ಬಾಯಲ್ಲಿರುವುದು ಹಸಿಯೋ ಒಣಗಿದ್ದೋ ತಿಳಿಯದೆ
‘ಮುಂದಿನ ಹಂತದಲ್ಲಿ…’ ಅಂದೆ.

ಜಾನು ಬಿದ್ದು ಬಿದ್ದು ನಕ್ಕಳು.
ಅಜ್ಜಿಗೆ ಅರ್ಥವಾಗಲಿಲ್ಲ.
ಇನ್ನೊಂದು ಬೀಜ ಕೊಟ್ಟಳು.