ಮೂರು ಚೌಕಗಳ ನಮೂನೆ

ನಮ್ಮ ಸಂಘದ ನಮೂನೆಯಲ್ಲಿ ಇರುವುದು ಮೂರೇ ಚೌಕ:
ಬೈದದ್ದು, ಬೆದರಿಸಿದ್ದು, ಕೈ ಮಾಡಿದ್ದು.
ವೀಗೋ ಬಂದರಿನ ಈ ಮಾಳಿಗೆ ಕೋಣೆಯಲ್ಲಿ
ಹನ್ನೊಂದು ವರ್ಷದಿಂದ
ಯಾವುದಾದರೊಂದಕ್ಕೆ ಗೀಟು ಹಾಕುತ್ತ ಬಂದವನು ನಾನು.

ಒಬ್ದುಲಿಯಾ ಬಂದಳು, ಪಾಳಿ ಮುಗಿಸಿ,
ಮೊಣಕೈವರೆಗೂ ಬೂತಾಯಿಯ ಹೊಳಪು.
ಕುರ್ಚಿ ನಾರೀತೆಂದು ನಿಂತೇ ಇದ್ದಳು.

"ಮೇಸ್ತ್ರಿ ಕಿರೋಗಾ ಏನಂದ?"
"ರಾಣಿ ಅಂದ."
ಪೆನ್ನು ತಡೆದೆ. "ಮತ್ತೆ?"
"ಅಷ್ಟೇ. ದಿನಾ ಬೆಳಿಗ್ಗೆ ಏಳು ಗಂಟೆಗೆ
ಬೆಲ್ಟಿನ ಆ ತುದಿಯಿಂದ:
ಎಲ್ಲಿ ನಮ್ಮ ರಾಣಿ? ರಾಣಿಗೆ ದಾರಿ ಬಿಡಿ!
ಎಲ್ಲರೂ ನಗುತ್ತಾರೆ.
ನನ್ನ ಕುಂಟು ಕಾಲು ಆಗಿನ್ನೂ
ಹೊಸ್ತಿಲು ದಾಟಿರುವುದಿಲ್ಲ."

ಇದೇ ಹೆಂಗಸರ ಬಾಯಿ ನಾನು ಬಲ್ಲೆ.
ಎರ್ಮಿತಾಸ್ ಒಬ್ಬಳೇ ಸಾಕು,
ಒಬ್ಬೊಬ್ಬರ ಅಮ್ಮನನ್ನೂ ಅಜ್ಜಿಯನ್ನೂ ಎಳೆದು ತಂದು
ಕತ್ತೆ ಮೇಲೆ ಕೂರಿಸಿ ಊರು ಸುತ್ತಿಸಿ
ಆಮೇಲೆ ತನ್ನ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಾಳೆ.
ಅವಳು ಬೈಯದ ದಿನ
ಯಾಕೆ, ಜ್ವರವಾ, ಎಂದು ಹಣೆ ಮುಟ್ಟಿ ನೋಡುತ್ತಾರೆ.
ಅದನ್ನೆಲ್ಲ ಬರೆದುಕೊಂಡರೆ ಚೌಕ ತುಂಬಿ
ಅಂಚಿಗೂ ಹರಿದೀತು.
ಒಂದು ದೂರೂ ಬಂದಿಲ್ಲ.

"ರಾಣಿ ಅನ್ನುವುದು ಬೈಗುಳ ಹೇಗಾಯ್ತು?"
ಕೇಳುವುದು ನನ್ನ ಕೆಲಸ.
ಅವಳು ಅಂಗೈ ನೋಡಿಕೊಂಡಳು.
"ಮೂವತ್ತು ವರ್ಷ ಮುಳ್ಳು ತೆಗೆದ ಕೈ ಇದು.
ಇದೊಂದರಲ್ಲಿ ಎಲ್ಲಿದೆ, ತೋರಿಸಲಾರೆ.
ನುಂಗುವಾಗ ಗೊತ್ತಾಗುತ್ತದೆ."

ನಾಲಿಗೆಗೆ ಎಲುಬಿಲ್ಲ ಅನ್ನುವವರು
ಯಾರ ತಟ್ಟೆಯಲ್ಲಿ ಉಂಡವರೋ.

ಗೀಟು ಎಲ್ಲಿಯೂ ಬೀಳಲಿಲ್ಲ.
ಅಂಚಿನಲ್ಲಿ ಬರೆದೆ: ರಾಣಿ.
ಬರೆದ ಮೇಲೆ ಇನ್ನೂ ಚೆಂದ ಕಂಡಿತು,
ನನಗೇ ನಾಚಿಕೆಯಾಯಿತು.
ಮೇಲಿನ ಕಚೇರಿಯಿಂದ ಒಂದೇ ಸಾಲು ಬಂತು:
ಗೌರವಸೂಚಕ ಪದ. ಕ್ರಮ ಅನಗತ್ಯ.

ಸೋಮವಾರ ಏಳಕ್ಕೆ ನಾನೇ ಹೋಗಿ ನಿಂತೆ,
ತಲೆಗೆ ಬಲೆಟೊಪ್ಪಿ, ಕಾಲಿಗೆ ಯಾರದೋ ಬೂಟು.

"ಎಲ್ಲಿ ನಮ್ಮ ರಾಣಿ?"

ಬೆಲ್ಟು ಓಡುತ್ತಲೇ ಇತ್ತು, ಕತ್ತರಿಗಳು ಕಚ್ಚುತ್ತಲೇ ಇದ್ದವು
(ಮೀನು ಕಾಯುವುದಿಲ್ಲ, ಬೇಸಿಗೆ ಬೇರೆ).
ಯಾರೂ ನಗಲಿಲ್ಲ.
ಎರ್ಮಿತಾಸ್ ಬಾಯಲ್ಲಿ ಒಂದು ಬೈಗುಳವೂ ಇರಲಿಲ್ಲ.
ಆತ ಇನ್ನೊಮ್ಮೆ ಅಂದ, ತುಸು ಜೋರಾಗಿ.
ನಗು ಬರಬೇಕಾದ ಜಾಗದಲ್ಲಿ
ಉಪ್ಪುನೀರು ತೊಟ್ಟಿಕ್ಕುವ ಸದ್ದು.
ಆಗ ನನ್ನತ್ತ ತಿರುಗಿದ,
ಗಂಡಸು ಗಂಡಸನ್ನು ನೋಡುವಂತೆ.

ನನ್ನ ತುಟಿ, ರೂಢಿಯ ಮೇಲೆ, ಒಂದಿಷ್ಟು ಅರಳಿತ್ತು.
ಅದನ್ನು ಮಡಚಿ ಒಳಗಿಡುವಷ್ಟರಲ್ಲಿ
ಒಬ್ದುಲಿಯಾ ನೋಡಿಬಿಟ್ಟಿದ್ದಳು.

ಏನೂ ಅನ್ನಲಿಲ್ಲ.
ಕಾಲೆಳೆಯುತ್ತ ತನ್ನ ಜಾಗಕ್ಕೆ ನಡೆದಳು.
ದಾರಿ ಮೊದಲಿಂದಲೂ
ಸಾಕಷ್ಟು ಅಗಲವಾಗಿಯೇ ಇತ್ತು.