ಹೊಡೆದುಹಾಕಿದ ಪ್ಯಾರಾ

ಪಾಲಯ್ಯ ಸಾಹೇಬರು ತೀರಿಕೊಂಡ ಮಾರನೇ ದಿನ
ದುರ್ಗದ ಕೋರ್ಟಿನ ಒಂದನೇ ಹಾಲಿನಲ್ಲಿ
ವಕೀಲರೆಲ್ಲ ಎರಡು ನಿಮಿಷ ಎದ್ದು ನಿಂತರು.
ಒಂದೂಮುಕ್ಕಾಲಿಗೇ ಯಾರದೋ ಮೊಬೈಲು ಹಾಡಿತು.
ಆಮೇಲೆ ಸೇವೆಯ ವಿವರ ಓದಿದರು:
ಸಿಂಧನೂರು, ಕಾರವಾರ, ಬೀದರು, ದಾವಣಗೆರೆ,
ಕೊನೆಗೆ ಇಲ್ಲಿ, ಜಿಲ್ಲಾ ನ್ಯಾಯಾಧೀಶ.
ಮೂವತ್ತೊಂದು ವರ್ಷ ಒಂದೂವರೆ ಪುಟ ಹಿಡಿಯಿತು.

ಸಾಕ್ಷಿಗಳು ಕೂತು ಕೂತು ನುಣುಪಾದ
ಹಿಂದಿನ ಬೆಂಚಿನಲ್ಲಿ ನಾನಿದ್ದೆ.
ದಾವಣಗೆರೆಯಲ್ಲಿ ನಾಲ್ಕು, ಇಲ್ಲಿ ಮೂರು,
ಏಳು ವರ್ಷ ಅವರ ಬಾಯಿಂದ ಬಿದ್ದದ್ದನ್ನು
ಗೆರೆ, ಕೊಕ್ಕೆ, ಚುಕ್ಕಿಯಲ್ಲಿ ಹಿಡಿದವ,
ಸ್ಟೆನೊ ರೇವಣಸಿದ್ಧ.

ಅವರಪ್ಪ ಕೂಡ್ಲಿಗಿ ಮುನ್ಸೀಫ್ ಕೋರ್ಟಿನ ಅಮೀನ.
ಬಗಲಲ್ಲಿ ಸಮನ್ಸು, ಡಬ್ಬಿಯಲ್ಲಿ ರಾಗಿ ಅಂಬಲಿ:
ಬಾಗಿಲು ತೆಗೆಯದ ಮನೆಗೆ ನೋಟೀಸು ಅಂಟಿಸಲಿಕ್ಕೆ.
‘ಹಸಿದಾಗ ಆ ಅಂಟನ್ನೇ ನೆಕ್ಕಿದ್ದೀನಯ್ಯ’
ಅಂದಿದ್ದರು ಒಮ್ಮೆ, ಮಧ್ಯಾಹ್ನದ ಬಿಡುವಿನಲ್ಲಿ,
ಬಸ್ಸಿನ ಹೊತ್ತು ಹೇಳುವವರ ಹಾಗೆ.
ಅದಕ್ಕೇ ಇರಬೇಕು, ಯಾವ ನೋಟೀಸಿಗೂ
ವಿಳಾಸ ಓದದೆ ಸಹಿ ಹಾಕಿದವರಲ್ಲ.
‘ಅಷ್ಟು ದೂರ ಯಾರೋ ನಡೀಬೇಕಲ್ಲ.’

ಮಂಡಕ್ಕಿ ಭಟ್ಟಿಯ ಹೊಗೆಯ ದಾವೆ ಬಂದಾಗ
ನಸುಕಿನ ನಾಲ್ಕಕ್ಕೆ ತಾವೇ ಹೋಗಿ ನಿಂತರು.
ವಾದಿಯ ಅಂಗಳದಲ್ಲಿ ಅರ್ಧ ತಾಸು,
ಪ್ರತಿವಾದಿಯ ಅಂಗಳದಲ್ಲಿ ಅರ್ಧ ತಾಸು.
ಹುಬ್ಬಿನಲ್ಲಿ ಹೊಟ್ಟಿನ ಬೂದಿ ಇಟ್ಟುಕೊಂಡೇ
ಹನ್ನೊಂದಕ್ಕೆ ಪೀಠ ಏರಿದರು.
ಒರೆಸಿಕೊಳ್ಳಿ ಅನ್ನುವ ಧೈರ್ಯ ದಫೇದಾರನಿಗೂ ಬರಲಿಲ್ಲ.

ತೀರ್ಪಿನಲ್ಲಿ ‘ಆದರೂ’ ಅನ್ನುವ ಪದ
ಅವರಿಗೆ ಆಗುತ್ತಿರಲಿಲ್ಲ.
‘ಆದದ್ದು ಬರಿ, ಆಗದ್ದು ಬರಿ.
ನಡುವಿನದು ಮನೆಗೆ ಒಯ್ಯೋಣ.’

ಆಮೇಲೆ ಬಂತು ಮಿಲ್ಲಿನ ಕೇಸು.
ನಾನೂರ ಹನ್ನೆರಡು ಜನ. ಬಾಕಿ ಸಂಬಳ.
ಯಾರ ಮಾತನ್ನೋ ನಂಬಿ, ಯಾವ ಆಫೀಸಿಗೋ ಅಲೆದು
ದಾವೆ ಹಾಕುವಷ್ಟರಲ್ಲಿ ಅವಧಿ ಮೀರಿತ್ತು.
ಕರೆಂಟಿಲ್ಲದ ರಾತ್ರಿ, ಅವರ ಕ್ವಾರ್ಟರ್ಸಿನಲ್ಲಿ,
ಕಂದೀಲಿನ ಬೆಳಕಲ್ಲಿ ಹದಿನೇಳು ಪುಟ ಹೇಳಿದರು.
ಒಂದು ಕಡೆಯೂ ತಡವರಿಸಲಿಲ್ಲ. ‘ವಜಾ’ ಅಂದರು.
ನಾನು ಪೆನ್ಸಿಲು ಇಡಲು ಹೋದೆ.

‘ಆದರೂ...’ ಅಂದರು.

ಬರೆದೆ. ಹನ್ನೊಂದು ಸಾಲು.
ನನ್ನ ಕೈ ಅಷ್ಟು ಬೇಗ ಎಂದೂ ಓಡಿರಲಿಲ್ಲ.
ಹೊರಗೆ ನಾಯಿ ಬೊಗಳಿತು, ಅವರು ನಿಲ್ಲಿಸಿದರು.
‘ಅದನ್ನು ಹೊಡೆದುಹಾಕು ರೇವಣ್ಣ.
ಕೋರ್ಟಿನ ಮಾತಲ್ಲ ಅದು, ಪಾಲಯ್ಯನ ಮಾತು.’

ಮಾರನೇ ದಿನ ನೂಲು ಸುತ್ತುವ ಖಾತೆಯ ಕೆಂಚವ್ವ
‘ಏನಂದ್ರು?’ ಅಂತ ದಫೇದಾರನನ್ನು ಕೇಳಿದಳು.
‘ಇಲ್ಲ ಅಂದ್ರು.’
ಪೀಠದ ಕಡೆ ಕೈಮುಗಿದು ಹೋದಳು.
ಬೈದಿದ್ದರೆ ಚೆನ್ನಾಗಿತ್ತು, ಅಂದರು ಸಾಹೇಬರು
ಸಂಜೆ, ಜೀಪಿನಲ್ಲಿ, ಹಳೇ ಚಿಮಣಿ ದಾಟುವಾಗ.

ಹೈಕೋರ್ಟಿನ ಪಟ್ಟಿ ಮೂರು ಸಲ ಬಂತು.
ಮೂರು ಸಲವೂ ಅವರ ಹೆಸರಿರಲಿಲ್ಲ.
ಮೂರು ಸಲವೂ ಚಹಾಕ್ಕೆ ಸಕ್ಕರೆ ಒಂದೇ ಚಮಚ.

ಆ ನೋಟ್‌ಬುಕ್ಕು ನನ್ನ ಟ್ರಂಕಿನಲ್ಲಿದೆ.
ನಿನ್ನೆ ತೆಗೆದೆ. ದುರ್ಗದ ಗಾಳಿ ಗೊತ್ತಲ್ಲ,
ಹಾಳೆಯ ಮೇಲೆ ಲೋಟ ಇಟ್ಟು ಓದಲು ಕೂತೆ.
ಅಡ್ಡಗೆರೆಯ ಕೆಳಗೆ ‘ಆದರೂ’ ಕಾಣುತ್ತದೆ.
ಮುಂದಿನದಕ್ಕೆ ಸ್ವರ ಹಾಕುವ ಪುರುಸೊತ್ತಿರಲಿಲ್ಲ ಆ ರಾತ್ರಿ:
ಒಂದು ಕ, ಒಂದು ಲ, ಅಷ್ಟೇ.
ಕಾಲ ಇರಬಹುದು. ಕೂಲಿ ಇರಬಹುದು.
ಈ ಊರಿನವನಾದ ನನಗೆ ಕಲ್ಲು ಅಂತಲೂ ಕಾಣುತ್ತದೆ.

ಕೇಳಬಹುದಿತ್ತು.
ನಿವೃತ್ತಿಯ ಮೇಲೆ ಇಲ್ಲೇ ಮನೆ ಮಾಡಿದ್ದರು,
ಸಂತೆಹೊಂಡದ ಹತ್ತಿರ ಸಿಗುತ್ತಿದ್ದರು, ಕೈಯಲ್ಲಿ ಚೀಲ.
ಹೀರೇಕಾಯಿ ಈ ಸಲ ದುಬಾರಿ ಅಂದೆ ನಾನು.
ಹೌದಯ್ಯ ಅಂದರು.